ದಿನಕ್ಕೆ ನೂರು ರೂಪಾಯಿ

ಈ ಸಲ ನಾವು ವಿಮರ್ಶೆಗೆ ಎತ್ತಿಕೊಂಡಿರುವುದು ಕವನ ಸಂಕಲನವನ್ನಲ್ಲ, ಕಾದಂಬರಿಯನ್ನೂ ಅಲ್ಲ. ಕಾಯ್ದೆ ಪುಸ್ತಕದ ಕೆಲವು ಸಾಲುಗಳನ್ನು. ಅವನ್ನು ಬರೆದವರ ಹೆಸರು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ, ಅವಕ್ಕೆ ಅಕಾಡೆಮಿ ಬಹುಮಾನವೂ ಬಂದಿಲ್ಲ. ಆದರೂ ಕೊಳ್ಳೇಗಾಲ, ಹನೂರು, ಯಳಂದೂರಿನ ಹೊಲಗೇರಿ, ಮಾದಿಗರ ಕೇರಿ, ಸೋಲಿಗರ ಪೋಡುಗಳಲ್ಲಿ ಇವತ್ತು ರಾತ್ರಿ ಒಲೆ ಮೇಲೆ ಏನು ಬೇಯುತ್ತದೆ ಅನ್ನುವುದನ್ನು ಕನ್ನಡದ ಯಾವ ಮಹಾಕಾವ್ಯಕ್ಕಿಂತಲೂ ಈ ಸಾಲುಗಳು ಹೆಚ್ಚು ತೀರ್ಮಾನಿಸುತ್ತವೆ. ಪದ್ಯ ಓದುವಷ್ಟೇ ಗಮನ ಕೊಟ್ಟು ಇವನ್ನೂ ಓದಬೇಕು ಅನ್ನುವುದು ನಮ್ಮ ಹಟ.

೧೯೭೦ರ ಗುತ್ತಿಗೆ ಕಾರ್ಮಿಕರ ಕಾಯ್ದೆಯ ೨೩ನೇ ಕಲಮು ತೆಗೆಯಿರಿ. ಕಾಯ್ದೆ ಮುರಿದ ಗುತ್ತಿಗೆದಾರನಿಗೆ ಮೂರು ತಿಂಗಳ ತನಕ ಸಜೆ, ಇಲ್ಲವೆ ಸಾವಿರ ರೂಪಾಯಿ ತನಕ ದಂಡ, ಇಲ್ಲವೆ ಎರಡೂ. ಶಿಕ್ಷೆ ಆದಮೇಲೂ ಅದನ್ನೇ ಮುಂದುವರಿಸಿದರೆ ದಿನವೊಂದಕ್ಕೆ ನೂರು ರೂಪಾಯಿ ತನಕ ಹೆಚ್ಚುವರಿ ದಂಡ. ಈಗ ಐವತ್ತನಾಲ್ಕು ವರ್ಷ ದಾಟಿ ಬನ್ನಿ. ೨೦೨೪ರ ಜುಲೈ ೧೫ರಂದು ಕರ್ನಾಟಕದ ಮಂತ್ರಿಮಂಡಲ ಒಪ್ಪಿದ ಸ್ಥಳೀಯರಿಗೆ ಉದ್ಯೋಗ ಕೊಡುವ ಮಸೂದೆ ತೆಗೆಯಿರಿ. ಆಡಳಿತ ಹುದ್ದೆಗಳಲ್ಲಿ ನೂರಕ್ಕೆ ಐವತ್ತು, ಉಳಿದ ಹುದ್ದೆಗಳಲ್ಲಿ ನೂರಕ್ಕೆ ಎಪ್ಪತ್ತು ಸ್ಥಳೀಯರಿಗೆ. ಮುರಿದರೆ ಹತ್ತು ಸಾವಿರದಿಂದ ಇಪ್ಪತ್ತೈದು ಸಾವಿರ ದಂಡ. ಆಮೇಲೂ ಮುಂದುವರಿಸಿದರೆ? ದಿನವೊಂದಕ್ಕೆ ನೂರು ರೂಪಾಯಿ ತನಕ.

ಅದೇ ನೂರು! ಐವತ್ತನಾಲ್ಕು ವರ್ಷದಲ್ಲಿ ರಾಗಿ ಬೆಲೆ ಏರಿದೆ, ಸೀಮೆಣ್ಣೆ ಏರಿ ಕಡೆಗೆ ಕಾಣೆಯಾಗಿದೆ, ಮಾದಪ್ಪನ ಬೆಟ್ಟಕ್ಕೆ ಬಸ್ ಚಾರ್ಜು ಏರಿದೆ, ಶಾಸಕರ ಸಂಬಳವಂತೂ ಹೇಳುವುದೇ ಬೇಡ. ಬಡವನ ಮೇಲೆ ಮಾಡುವ ತಪ್ಪಿನ ಒಂದು ದಿನದ ಬೆಲೆ ಮಾತ್ರ ಏರಿಲ್ಲ. ಈ ಮಸೂದೆಗೂ ಎರಡೇ ದಿನದ ಆಯಸ್ಸು. ಉದ್ಯಮಿಗಳು ಗದ್ದಲ ಮಾಡಿದರು, ಜುಲೈ ೧೭ಕ್ಕೆ ಸರ್ಕಾರ ತಡೆ ಹಿಡಿಯಿತು. ಅವರು ಹೆದರಿದ್ದು ದಂಡಕ್ಕಲ್ಲ, ಖಂಡಿತ. ನೂರು ರೂಪಾಯಿಗೆ ಹೆದರುವವರು ನಾವು, ಅವರಲ್ಲ.

ನಮ್ಮ ಕಡೆ ಕಂಸಾಳೆಯವರು ಹಾಡುವ ಕಥೆಯಲ್ಲಿ ಶ್ರವಣ ದೊರೆ ದೇವತೆಗಳನ್ನೇ ಸೆರೆ ಹಿಡಿದು ಒಬ್ಬೊಬ್ಬರಿಗೆ ಒಂದೊಂದು ಚಾಕರಿ ಹಚ್ಚಿರುತ್ತಾನೆ. ಕೂಲಿ ಇಲ್ಲ, ಬಿಡುವಿಲ್ಲ. ದೇವತೆಗಳೂ ಜೀತಕ್ಕೆ ಬೀಳಬಹುದು ಅಂತ ಊಹಿಸಿದ್ದು ಜೀತ ಕಂಡ ನಾಡೇ ಸರಿ. ಮಾದಪ್ಪ ಆ ಶ್ರವಣನಿಗೆ ದಿನಕ್ಕಿಷ್ಟು ಅಂತ ದಂಡ ಹಾಕಿ ರಸೀತಿ ಹರಿದು ಬಿಡಲಿಲ್ಲ. ಹರಳಯ್ಯನ ಕೈಲಿ ಪಾದುಕೆ ಮಾಡಿಸಿ ಕಥೆ ಮುಗಿಸಿದ. ನಾವು ಯಾರನ್ನೂ ಸುಡಿ ಎನ್ನುತ್ತಿಲ್ಲ. ಶಿಕ್ಷೆ ಅಂದರೆ ತಪ್ಪು ನಿಲ್ಲಿಸುವಂಥದು ಅನ್ನುವ ತಿಳುವಳಿಕೆ ಈ ಸೀಮೆಯ ಓದುಬರಹ ಇಲ್ಲದ ಹಾಡುಗಾರನಿಗೆ ಇತ್ತು, ಕಾನೂನು ಬರೆದವರಿಗೆ ಇರಲಿಲ್ಲ ಅನ್ನುವುದನ್ನಷ್ಟೆ ತೋರಿಸುತ್ತಿದ್ದೇವೆ.

ಹನೂರು ಕಡೆ ಒಂದು ಚರಂಡಿ ಕೆಲಸ. ಯಾರ ಕಂಟ್ರಾಕ್ಟು ಅಂತ ಬರೆಯುವುದಿಲ್ಲ, ಬರೆದರೆ ನಾಳೆ ಕೆಲಸ ಕಳೆದುಕೊಳ್ಳುವುದು ಅವನಲ್ಲ. ಬುಟ್ಟಿ ಇಳಿಸಿ ಸೆರಗಲ್ಲಿ ಮುಖ ಒರೆಸಿಕೊಳ್ಳುತ್ತಿದ್ದ ಒಬ್ಬ ಅವ್ವನನ್ನು ಕೂಲಿ ಎಷ್ಟವ್ವ ಅಂತ ಕೇಳಿದೆವು. "ಎಷ್ಟು ಅಂತ ಯಾರ್ ಕಂಡರು ಕನಪ್ಪ. ಮೇಸ್ತ್ರಿ ಬರ್ಕಂಡವ್ನ. ಬಟವಾಡೆ ದಿನ ಕೊಟ್ಟಷ್ಟು ಈಸ್ಕತೀವಿ. ಮುಂಗಡ ತಕ್ಕಂಡಿದ್ದು ಅದರಲ್ಲಿ ಹಿಡ್ಕತಾನ." ಕೇಳಲಿಲ್ಲವೆ? "ಕೇಳುದ್ರ ನಾಳಿಂದ ಬರಬ್ಯಾಡ ಅಂತಾನ. ಗಂಡಾಳಿಗೆ ಒಂದು, ಹೆಣ್ಣಾಳಿಗೆ ಒಂದು. ಮಣ್ಣೇನು ಹೆಣ್ಣಾಳು ಅಂತ ಹಗುರಾಗದ?"

ಈ ಒಂದು ಮಾತಲ್ಲಿ ಮೂರು ಕಾಯ್ದೆ ಮುರಿದಿವೆ. ಕನಿಷ್ಠ ಕೂಲಿಯದು, ಸಮಾನ ವೇತನದ್ದು, ಮುಂಗಡದ ಗಂಟಿನಲ್ಲಿ ಕಟ್ಟಿಹಾಕುವ ಜೀತದ್ದು. ೧೯೭೬ರ ಜೀತ ವಿಮುಕ್ತಿ ಕಾಯ್ದೆಯಲ್ಲಿ ಇದಕ್ಕೆ ಮೂರು ವರ್ಷದ ತನಕ ಸಜೆ, ಎರಡು ಸಾವಿರ ತನಕ ದಂಡ ಅಂತ ಬರೆದಿದೆ. ಆ ಅವ್ವನಿಗೆ ಅದು ಗೊತ್ತಿಲ್ಲ. ಮೇಸ್ತ್ರಿಗೂ ಗೊತ್ತಿಲ್ಲ, ಅವನು ಅವ್ವನ ಕೇರಿಯವನೇ. ಕಂಟ್ರಾಕ್ಟರಿಗೆ ಗೊತ್ತು. ಅದಕ್ಕೇ ನಡುವೆ ಮೇಸ್ತ್ರಿ ಇರುವುದು.

'ಜೀತ' ಅನ್ನುವ ಪದವನ್ನೇ ನೋಡಿ. ಜೀವಿತದಿಂದ ಬಂದದ್ದು, ಬದುಕಿಗೆ ಆಧಾರವಾದ ಸಂಬಳ ಅಂತ ಅದರ ಹಳೆಯ ಅರ್ಥ. ತೆಲುಗಿನಲ್ಲಿ ಇವತ್ತಿಗೂ ಜೀತಂ ಅಂದರೆ ತಿಂಗಳ ಸಂಬಳ. ಸಂಬಳ ಅನ್ನುವ ಮಾತು ನಮ್ಮಲ್ಲಿ ಸಂಬಳವಿಲ್ಲದ ದುಡಿತಕ್ಕೆ ಹೆಸರಾಯ್ತು. ಒಂದು ನಾಡಿನಲ್ಲಿ ಕೂಲಿ ಎಷ್ಟು ಕಾಲ, ಎಷ್ಟು ಜನಕ್ಕೆ ಕೊಡದೆ ಹೋದರೆ ಪದ ಹೀಗೆ ತಲೆಕೆಳಗಾಗುತ್ತದೆ? ಭಾಷಾಶಾಸ್ತ್ರದ ಪಂಡಿತರು ಇದಕ್ಕೆ ಅರ್ಥವ್ಯತ್ಯಾಸ ಎನ್ನುತ್ತಾರೆ. ನಾವು ಕಳ್ಳತನ ಎನ್ನುತ್ತೇವೆ.

ಕನಿಷ್ಠ ಕೂಲಿಯ ಮಸೂದೆಯನ್ನು ೧೯೪೬ರ ಏಪ್ರಿಲ್‌ನಲ್ಲಿ ಮಂಡಿಸಿದವರು ವೈಸರಾಯ್ ಕೌನ್ಸಿಲ್ಲಿನ ಕಾರ್ಮಿಕ ಸದಸ್ಯ ಡಾ. ಅಂಬೇಡ್ಕರ್. ಅದು ೧೯೪೮ರಲ್ಲಿ ಕಾಯ್ದೆಯಾದಾಗ ಕಾರ್ಮಿಕ ಮಂತ್ರಿ ಜಗಜೀವನರಾಮ್. ಇಬ್ಬರೂ ನಮ್ಮವರು. ಅದರ ೨೨ನೇ ಕಲಮಿನಲ್ಲಿ ಆರು ತಿಂಗಳ ತನಕ ಸಜೆ ಅಥವಾ ಐನೂರು ರೂಪಾಯಿ ತನಕ ದಂಡ. ೧೯೪೮ರಲ್ಲಿ ಐನೂರು ರೂಪಾಯಿ ಅಂದರೆ ಎದೆ ಝಲ್ಲೆನ್ನುವ ಮೊತ್ತ. ಆದರೆ ಕೇಂದ್ರದ ಪುಸ್ತಕದಲ್ಲಿ ಆ ಐನೂರು ಎಪ್ಪತ್ತು ವರ್ಷ ದಾಟಿದರೂ ಐನೂರಾಗಿಯೇ ಕೂತಿತ್ತು. ಕೂಲಿಯನ್ನು ಬೆಲೆಯೇರಿಕೆಗೆ ತಕ್ಕಂತೆ ಏರಿಸಬೇಕು ಎಂದು ತುಟ್ಟಿಭತ್ಯೆ ಕಂಡುಹಿಡಿದ ಸರ್ಕಾರಕ್ಕೆ ದಂಡಕ್ಕೂ ಒಂದು ತುಟ್ಟಿಭತ್ಯೆ ಇರಬೇಕು ಅಂತ ಹೊಳೆಯಲೇ ಇಲ್ಲ. ಮರೆತದ್ದೋ, ಮರೆಸಿದ್ದೋ.

ಹೊಸ ವೇತನ ಸಂಹಿತೆ ೨೦೧೯ರಲ್ಲಿ ಪಾಸಾಗಿ ೨೦೨೫ರ ನವೆಂಬರ್ ೨೧ರಿಂದ ಜಾರಿಗೆ ಬಂತು, ೧೯೪೮ರ ಕಾಯ್ದೆ ಹೋಯಿತು. ಈಗ ಕೂಲಿ ಕಡಿಮೆ ಕೊಟ್ಟವನಿಗೆ ಮೊದಲ ಸಲ ಐವತ್ತು ಸಾವಿರ ತನಕ ದಂಡ, ಸಜೆ ಇಲ್ಲ. ಐದು ವರ್ಷದೊಳಗೆ ಮತ್ತೆ ಮಾಡಿದರೆ ಮೂರು ತಿಂಗಳ ತನಕ ಸಜೆ ಅಥವಾ ಒಂದು ಲಕ್ಷದ ತನಕ ದಂಡ ಅಥವಾ ಎರಡೂ. ಐನೂರರಿಂದ ಐವತ್ತು ಸಾವಿರಕ್ಕೆ ಏರಿತಲ್ಲ ಅಂತ ಕೆಲವು ಗೆಳೆಯರು ಖುಷಿಪಟ್ಟಿದ್ದಾರೆ. ಒಂದು ಲೆಕ್ಕ ಹಾಕೋಣ, ಸ್ಲೇಟು ತೆಗೆಯಿರಿ.

ಮೂವತ್ತು ಆಳು. ತಲೆಗೆ ದಿನಕ್ಕೆ ಅರವತ್ತು ರೂಪಾಯಿ ಕಡಿಮೆ. ನೂರು ದಿನದ ಕೆಲಸ. ಕಂಟ್ರಾಕ್ಟರಿನ ಜೇಬಿಗೆ ಬಿದ್ದದ್ದು ಒಂದು ಲಕ್ಷದ ಎಂಬತ್ತು ಸಾವಿರ. ಸಿಕ್ಕಿಬಿದ್ದ ಅನ್ನಿ. ಸಿಕ್ಕಿಬೀಳುವುದೇ ಅಪರೂಪ, ಆದರೂ ಅನ್ನಿ. ಮೊದಲ ಸಲದ ತಪ್ಪಾದ್ದರಿಂದ ದಂಡದ ಗರಿಷ್ಠ ಮೊತ್ತದಲ್ಲಿ ಅರ್ಧ ಕಟ್ಟಿ ರಾಜಿ ಮಾಡಿಕೊಳ್ಳುವ ದಾರಿಯನ್ನೂ ಇದೇ ಸಂಹಿತೆ ತೆರೆದಿದೆ. ಇಪ್ಪತ್ತೈದು ಸಾವಿರ ಕಟ್ಟುತ್ತಾನೆ, ಕೇಸು ಮುಗಿಯಿತು. ಕೂಲಿಯವರು ಬೇರೆ ಅರ್ಜಿ ಹಾಕದಿದ್ದರೆ ಒಂದು ಲಕ್ಷದ ಐವತ್ತೈದು ಸಾವಿರ ಅವನ ಬಳಿಯೇ ಉಳಿಯಿತು. ಇದನ್ನು ದಂಡ ಅನ್ನುವುದೋ ಸುಂಕ ಅನ್ನುವುದೋ? ಇನ್ನು ಆ ಇಪ್ಪತ್ತೈದು ಸಾವಿರ ಯಾರಿಗೆ ಹೋಯಿತು? ಸರ್ಕಾರಕ್ಕೆ. ಬುಟ್ಟಿ ಹೊತ್ತ ಅವ್ವನಿಗೆ ಅದರಲ್ಲಿ ಒಂದು ಕಾಸಿಲ್ಲ. ಕೋಳಿ ಕದ್ದವನು ಊರಗೌಡನಿಗೆ ತಪ್ಪುಗಾಣಿಕೆ ಕೊಟ್ಟು ಪಾರಾದ ಹಾಗೆ. ಕೋಳಿ ಕಳೆದುಕೊಂಡವಳು ಪಂಚಾಯಿತಿ ಕಟ್ಟೆ ಕೆಳಗೆ ನಿಂತೇ ಇದ್ದಾಳೆ.

ಅದೇ ಸಂಹಿತೆ ಲೇಬರ್ ಇನ್ಸ್‌ಪೆಕ್ಟರಿಗೂ ಹೊಸ ಹೆಸರಿಟ್ಟಿದೆ. ಇನ್ಸ್‌ಪೆಕ್ಟರ್-ಕಂ-ಫೆಸಿಲಿಟೇಟರ್. ಪರಿಶೀಲಿಸುವವನೂ ಹೌದು, ಅನುಕೂಲ ಮಾಡಿಕೊಡುವವನೂ ಹೌದು. ರಿಜಿಸ್ಟರು ಇಡದಿರುವಂಥ ಕೆಲವು ತಪ್ಪುಗಳಿಗೆ ಕೇಸು ಹಾಕುವ ಮುನ್ನ ಸರಿಮಾಡಿಕೊಳ್ಳಲು ಅವಕಾಶ ಕೊಡಬೇಕು. ಸಾಲ ತೀರಿಸಲಾಗದ ಕೂಲಿಯವನ ಹಟ್ಟಿ ಮುಂದೆ ಫೈನಾನ್ಸಿನವರು ಬಂದು ಕೂರುವಾಗ ಇಂಥ ಅನುಕೂಲ ಮಾಡಿಕೊಡುವವನು ಒಬ್ಬನೂ ಜೊತೆಗೆ ಬಂದದ್ದನ್ನು ನಾವು ಕಂಡಿಲ್ಲ.

ಗುತ್ತಿಗೆ ಕಾರ್ಮಿಕರ ಕಾಯ್ದೆಯ ಗತಿಯೂ ಅಷ್ಟೆ. ಹಿಂದೆ ಇಪ್ಪತ್ತು ಆಳು ಇದ್ದರೆ ಅದು ತಗಲುತ್ತಿತ್ತು, ಅದಕ್ಕೇ ಎಷ್ಟೋ ಮಸ್ಟರ್ ರೋಲುಗಳಲ್ಲಿ ಹತ್ತೊಂಬತ್ತೇ ಹೆಸರು. ಈಗ ೨೦೨೦ರ ಸಂಹಿತೆಯಲ್ಲಿ ಆ ಗೆರೆ ಐವತ್ತಕ್ಕೆ ಏರಿದೆ. ನಮ್ಮ ಸೀಮೆಯ ಚರಂಡಿ, ಕಾಂಕ್ರೀಟ್ ರಸ್ತೆ, ಶಾಲೆ ಕಾಂಪೌಂಡು, ಹಾಸ್ಟೆಲ್ ರಿಪೇರಿ ಇವುಗಳಲ್ಲಿ ಐವತ್ತು ಆಳು ಎಲ್ಲಿ ನಿಲ್ಲುತ್ತಾರೆ? ಸುಳ್ಳು ಬರೆಯುವ ಶ್ರಮವನ್ನೂ ಸರ್ಕಾರ ತಪ್ಪಿಸಿತು.

ನ್ಯಾಯಾಲಯ ಇದನ್ನು ಕಂಡಿರಲಿಲ್ಲ ಅಂತಲ್ಲ. ದೆಹಲಿಯ ಏಷಿಯಾಡ್ ಕಟ್ಟಡಗಳನ್ನು ಕಟ್ಟಿದ ಕೂಲಿಯವರ ಕೇಸಿನಲ್ಲಿ ೧೯೮೨ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಅಲ್ಲಿ ಕನಿಷ್ಠ ಕೂಲಿ ದಿನಕ್ಕೆ ಒಂಬತ್ತು ರೂಪಾಯಿ ಇಪ್ಪತ್ತೈದು ಪೈಸೆ. ಜಮಾದಾರ, ಅಂದರೆ ನಮ್ಮ ಮೇಸ್ತ್ರಿ, ತಲೆಗೊಂದು ರೂಪಾಯಿ ಹಿಡಿದುಕೊಳ್ಳುತ್ತಿದ್ದ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದು ಸಂವಿಧಾನದ ೨೩ನೇ ವಿಧಿ ನಿಷೇಧಿಸಿದ ಬಲವಂತದ ದುಡಿತವೇ ಸರಿ ಅಂತ ನ್ಯಾಯಮೂರ್ತಿ ಭಗವತಿ ಹೇಳಿದರು. ಹಸಿವೂ ಒಂದು ಬಲವಂತ ಅನ್ನುವ ಮಾತು ಕೋರ್ಟಿನ ಬಾಯಲ್ಲಿ ಬಂತು. ಕಾರ್ಮಿಕ ಕಾಯ್ದೆ ಮುರಿದವರಿಗೆ ಮ್ಯಾಜಿಸ್ಟ್ರೇಟರು ಚಿಲ್ಲರೆ ದಂಡ ಹಾಕಿ ಬಿಟ್ಟುಬಿಡುವುದನ್ನೂ ಆ ತೀರ್ಪು ಖಂಡಿಸಿತು. ಹೆಚ್ಚು ದಂಡ ಹಾಕಲು ಮ್ಯಾಜಿಸ್ಟ್ರೇಟರ ಕೈಲಿದ್ದ ಪುಸ್ತಕದಲ್ಲೇ ಇರಲಿಲ್ಲ ಅನ್ನುವುದು ಬೇರೆ ಮಾತು. ಸಜೆ ಇತ್ತಲ್ಲ? ಆರು ತಿಂಗಳು, ಮೂರು ತಿಂಗಳು ಅಂತ ಅಚ್ಚಾಗಿತ್ತಲ್ಲ? 'ಅಥವಾ' ಅನ್ನುವ ಮೂರಕ್ಷರದ ಪದ ಎಷ್ಟು ಕಂಟ್ರಾಕ್ಟರುಗಳನ್ನು ಜೈಲಿನಿಂದ ಉಳಿಸಿದೆ ಅನ್ನುವುದರ ಮೇಲೆ ಯಾರಾದರೂ ಪಿಎಚ್.ಡಿ. ಮಾಡಬೇಕು.

ಇನ್ನು 'ಸ್ಥಳೀಯ' ಅನ್ನುವ ಪದ. ಇದರ ಮೇಲೆ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ನಮ್ಮವರೇ ಇಲ್ಲಿ ಜಾರುತ್ತಾರೆ.

೨೦೨೪ರ ಮಸೂದೆಯ ಪ್ರಕಾರ ಸ್ಥಳೀಯ ಅಂದರೆ ಕರ್ನಾಟಕದಲ್ಲಿ ಹುಟ್ಟಿ, ಹದಿನೈದು ವರ್ಷ ಇಲ್ಲೇ ನೆಲೆಸಿ, ಕನ್ನಡ ಮಾತಾಡಲು, ಓದಲು, ಬರೆಯಲು ಬಲ್ಲವನು. ಶಾಲೆಯ ಸರ್ಟಿಫಿಕೇಟಿನಲ್ಲಿ ಕನ್ನಡ ಇಲ್ಲದಿದ್ದರೆ ಪರೀಕ್ಷೆ ಪಾಸು ಮಾಡಬೇಕು. ಗೋಕಾಕ್ ಚಳವಳಿ, ಸರೋಜಿನಿ ಮಹಿಷಿ ವರದಿಗಳ ಕಾಲದಿಂದ ಬಂದ ಆಸೆ ಇದು, ನಮಗೂ ಅದರಲ್ಲಿ ಪಾಲಿದೆ. ಈಗ ಈ ಅರ್ಥವನ್ನು ಹೊತ್ತುಕೊಂಡು ಹನೂರಿಗೆ ಬನ್ನಿ. ಕೊಳ್ಳೇಗಾಲ ಸೀಮೆ ೧೯೫೬ರ ತನಕ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಮಾರ್ಟಳ್ಳಿ ಕಡೆ ಮನೆಮಾತು ಇವತ್ತಿಗೂ ತಮಿಳು. ಅಲ್ಲಿ ಕಲ್ಲು ಒಡೆಯುವ ಮುದುಕನೊಬ್ಬ ರಾಜ್ಯದ ಗಡಿ ಬರೆಯುವ ಮುಂಚೆಯೇ ಇಲ್ಲಿದ್ದವನು. ಗಡಿ ಅವನನ್ನು ದಾಟಿತೇ ಹೊರತು ಅವನು ಗಡಿ ದಾಟಲಿಲ್ಲ. ಅವನು ಸ್ಥಳೀಯನೇ? ಹುಟ್ಟಿದ ಊರು ಕರ್ನಾಟಕಕ್ಕೆ ಸೇರಿದ್ದು ಅವನು ಹುಟ್ಟಿದ ಮೇಲೆ. ಕನ್ನಡ ಆಡುತ್ತಾನೆ, ಬರೆಯಲಾರ. ಬೆಟ್ಟದ ಪೋಡಿನ ಸೋಲಿಗಜ್ಜಿ? ಅವಳಷ್ಟು ಸ್ಥಳೀಯರು ಈ ನಾಡಿನಲ್ಲಿ ಇನ್ಯಾರಿದ್ದಾರೆ? ಅವಳಿಗೂ ಅಕ್ಷರ ಬಾರದು. ನಮ್ಮ ಕೇರಿಯ ಅರ್ಧ ಮಂದಿಯ ಅವ್ವಂದಿರಿಗೆ ಹೆಬ್ಬೆಟ್ಟೇ ಸಹಿ. ಶಾಲೆ ಬಾಗಿಲು ಮುಚ್ಚಿದವರೇ ಈಗ ಬರೆಯಲು ಬರುತ್ತದೆಯೇ ಅಂತ ಕೇಳುತ್ತಿದ್ದಾರೆ.

ಹೊರಗಿನವರು ಬಂದು ನಮ್ಮ ಕೂಲಿ ಕಿತ್ತುಕೊಂಡರು ಅನ್ನುವ ಮಾತನ್ನು ನಾವು ಒಪ್ಪುವುದಿಲ್ಲ. ಹನೂರು ಕಡೆಯ ಎಷ್ಟು ಹಟ್ಟಿಗಳಿಗೆ ವರ್ಷದ ಅರ್ಧ ಭಾಗ ಬೀಗ ಬಿದ್ದಿರುತ್ತದೆ! ಕೊಡಗಿನ ಕಾಫಿ ತೋಟದ ಲೈನು ಮನೆಗಳಲ್ಲಿ, ತಿರುಪ್ಪೂರಿನಲ್ಲಿ, ಬೆಂಗಳೂರಿನ ಕಟ್ಟಡಗಳ ಬುಡದ ಶೆಡ್ಡುಗಳಲ್ಲಿ ನಾವೇ ಹೊರಗಿನವರು. ಇಲ್ಲಿಗೆ ಬಿಹಾರದ ಹುಡುಗ ಬಂದಿದ್ದರೆ ಅವನ ಊರಿನಲ್ಲೂ ಒಂದು ಹಟ್ಟಿಗೆ ಬೀಗ ಬಿದ್ದಿದೆ. ಕಂಟ್ರಾಕ್ಟರಿಗೆ ಸ್ಥಳೀಯ ಆಳು ಬೇಡವಾಗುವುದು ನಾವು ಸೋಮಾರಿಗಳು ಅಂತಲ್ಲ. ಸ್ಥಳೀಯ ಆಳಿಗೆ ಸಾವು, ಮದುವೆ, ಚಿಕ್ಕಲ್ಲೂರು ಜಾತ್ರೆ ಇದೆ. ಜಗಳ ಆದರೆ ಸಂಜೆ ಕೇರಿಯೇ ಎದ್ದು ಬರುತ್ತದೆ. ಸಾವಿರಾರು ಮೈಲಿ ದೂರದಿಂದ ಮುಂಗಡ ಹೊತ್ತು ಬಂದ ಹುಡುಗ ಶೆಡ್ಡಿನಲ್ಲೇ ಮಲಗುತ್ತಾನೆ, ಕೂಲಿ ಹಿಡಿದರೆ ಹೇಳಿಕೊಳ್ಳಲು ಭಾಷೆಯೂ ಇಲ್ಲ. ಅವನ ಕೂಲಿ ನಮ್ಮ ಕೂಲಿಗೆ ಸಮ ಆಗುವಂತೆ ನೋಡಿಕೊಂಡರೆ ಅವನನ್ನು ಕರೆತರುವ ಲಾಭವೇ ಬಹುಪಾಲು ಕರಗಿಹೋಗುತ್ತದೆ. ಸ್ಥಳೀಯರ ಕಾಯ್ದೆ ಬೇರೆ, ಕೂಲಿ ಕಾಯ್ದೆ ಬೇರೆ ಅಂತ ನೋಡುವುದೇ ತಪ್ಪು. ಹರಿಯಾಣದ ಎಪ್ಪತ್ತೈದು ಪರ್ಸೆಂಟಿನ ಸ್ಥಳೀಯ ಕಾಯ್ದೆಯನ್ನು ೨೦೨೩ರ ನವೆಂಬರಿನಲ್ಲಿ ಅಲ್ಲಿಯ ಹೈಕೋರ್ಟು ರದ್ದು ಮಾಡಿತು. ಸಮಾನ ಕೂಲಿಯನ್ನು ರದ್ದು ಮಾಡಲು ಯಾವ ಹೈಕೋರ್ಟಿಗೂ ಕಾರಣ ಸಿಗಲಾರದು.

ಉದ್ಯೋಗ ಖಾತ್ರಿ ಅನ್ನುವ ೨೦೦೫ರ ಕಾಯ್ದೆಯೊಂದೇ ಎರಡನ್ನೂ ಕೂಡಿಸಿ ನೋಡಿತ್ತು. ಐದು ಕಿಲೋಮೀಟರ್ ಒಳಗೆ ಕೆಲಸ, ದೂರ ಆದರೆ ಕೂಲಿಗೆ ಹತ್ತು ಪರ್ಸೆಂಟ್ ಹೆಚ್ಚು, ಗಂಡು ಹೆಣ್ಣಿಗೆ ಒಂದೇ ಕೂಲಿ, ಕಂಟ್ರಾಕ್ಟರು ಕಾಲಿಡುವಂತಿಲ್ಲ. ೨೦೨೫-೨೬ರಲ್ಲಿ ಕರ್ನಾಟಕದ ಕೂಲಿ ದಿನಕ್ಕೆ ಮುನ್ನೂರ ಎಪ್ಪತ್ತು. ಆದರೂ ರಾತ್ರಿ ಜೆಸಿಬಿ ಕೆರೆಯಲ್ಲಿ ಗುಡುಗುವುದನ್ನು, ಬೆಳಿಗ್ಗೆ ಜಾಬ್ ಕಾರ್ಡಿನವರು ಫೋಟೊಕ್ಕೆ ಮಾತ್ರ ಸಾಲಾಗಿ ನಿಲ್ಲುವುದನ್ನು ಹಳ್ಳಿಯಲ್ಲಿ ಕಾಣದವರಿಲ್ಲ. ಆ ಕಾಯ್ದೆ ಮುರಿದರೆ ದಂಡ ಎಷ್ಟು ಗೊತ್ತೆ? ೨೫ನೇ ಕಲಮು, ಸಾವಿರ ರೂಪಾಯಿ ತನಕ. ಜೆಸಿಬಿ ಒಂದು ಗಂಟೆ ಓಡಿದರೆ ಆಯ್ತು. ೨೦೨೫ರ ಡಿಸೆಂಬರಿನಲ್ಲಿ ಪಾರ್ಲಿಮೆಂಟು ಅದರ ಜಾಗಕ್ಕೆ ಬೇರೆ ಕಾಯ್ದೆಯನ್ನೇ ತಂದಿತು. ಅದರ ವಿಚಾರ ಇನ್ನೊಂದು ಸಂಚಿಕೆಗೆ ಬೇಕಾದೀತು.

ಇನ್ನು ಸಾಹಿತಿಗಳ ಸರದಿ. 'ಚೋಮನ ದುಡಿ' ೧೯೩೩ರ ಪುಸ್ತಕ. ಚೋಮನಿಗೆ ಬೇಸಾಯದ ಆಸೆ ಇತ್ತು, ಅದು ಕೈಗೂಡಲಿಲ್ಲ, ದುಡಿ ಬಡಿಯುತ್ತ ಸತ್ತ ಅಂತ ನಮಗೆಲ್ಲ ಬಾಯಿಪಾಠ. ಆದರೆ ಆ ಕಾದಂಬರಿಯ ಬೆನ್ನೆಲುಬು ತೋಟದ ಸಾಲ. ಆ ಸಾಲ ತೀರಿಸಲು ಮಕ್ಕಳು ಘಟ್ಟದ ಕಾಫಿ ತೋಟಕ್ಕೆ ಹೋಗುತ್ತಾರೆ, ಒಬ್ಬ ಜ್ವರದಲ್ಲಿ ಸಾಯುತ್ತಾನೆ, ಕಡೆಗೆ ಬೆಳ್ಳಿ ಹೋಗುತ್ತಾಳೆ. ಆ ಲೆಕ್ಕದ ಪುಸ್ತಕ ಇಟ್ಟುಕೊಂಡ ಮನ್ವೇಲನ ಬಗ್ಗೆ ನಮ್ಮ ವಿಮರ್ಶಕರು ಎಷ್ಟು ಬರೆದಿದ್ದಾರೆ? ದುಡಿಯ ಸಂಕೇತದ ಬಗ್ಗೆ ಪುಟಗಟ್ಟಲೆ, ಕೂಲಿಯ ಲೆಕ್ಕದ ಬಗ್ಗೆ ನಾಲ್ಕು ಸಾಲು. ಬಂಡಾಯದ ನಾವೂ ಕಮ್ಮಿ ಇಲ್ಲ. ನಮ್ಮ ಕತೆಗಳಲ್ಲಿ ಗೌಡ ಬಂದ, ಶ್ಯಾನುಭೋಗ ಬಂದ, ಪೂಜಾರಿ ಬಂದ. ಅವರಿಗೆಲ್ಲ ಮುಖ ಇತ್ತು, ಮೀಸೆ ಇತ್ತು, ಬೈಯುವುದು ಸುಲಭ ಇತ್ತು. ಟೆಂಡರಿನಲ್ಲಿ ಗೆದ್ದು, ಸಬ್ ಕಂಟ್ರಾಕ್ಟಿಗೆ ಕೊಟ್ಟು, ತುಂಡು ಗುತ್ತಿಗೆ ಮಾಡಿ, ಮೇಸ್ತ್ರಿ ಮೂಲಕ ಬಟವಾಡೆ ಮಾಡುವವನಿಗೆ ಮುಖವಿಲ್ಲ. ಅವನು ನಮಗೆ ಕತೆಯಲ್ಲೂ ಸಿಕ್ಕಲಿಲ್ಲ, ಕೋರ್ಟಿನಲ್ಲೂ ಸಿಕ್ಕಲಿಲ್ಲ. ಯಳಂದೂರು ದಿವಾನ್ ಪೂರ್ಣಯ್ಯನವರ ಜಾಗೀರಾಗಿತ್ತು, ೧೮೦೭ರಿಂದ. ಜಾಗೀರುದಾರನನ್ನು ಊರಿಗೆ ಊರೇ ಗುರುತಿಸುತ್ತಿತ್ತು. ಟೆಂಡರುದಾರನ ಹೆಸರು ಬೋರ್ಡಿನ ಮೇಲೆ ಇರುತ್ತದೆ, ಕೆಲಸ ಮುಗಿಯುವ ಮೊದಲೇ ಬೋರ್ಡು ಮಳೆಗೆ ಮಾಸಿಹೋಗುತ್ತದೆ.

ಈಗ ಸ್ವಲ್ಪ ಕಹಿ ಮಾತು, ನಮ್ಮವರಿಗೇ. ಸರ್ಕಾರಿ ಕಾಮಗಾರಿಗಳ ಗುತ್ತಿಗೆಯಲ್ಲಿ ಪರಿಶಿಷ್ಟ ಜಾತಿಗೆ ೧೭.೧೫, ಪಂಗಡಕ್ಕೆ ೬.೯೫ ಪರ್ಸೆಂಟು ಮೀಸಲು ಕರ್ನಾಟಕದಲ್ಲಿ ಬಂತು. ಮೊದಲು ಐವತ್ತು ಲಕ್ಷದ ಕೆಲಸಗಳ ತನಕ ಇದ್ದದ್ದು ೨೦೨೩ರಲ್ಲಿ ಒಂದು ಕೋಟಿಗೆ ಏರಿತು. ಇದು ಹೋರಾಡಿ ತಂದದ್ದು, ಬಿಡುವ ಮಾತೇ ಇಲ್ಲ. ಆದರೆ ಲೈಸೆನ್ಸು ನಮ್ಮವನದು, ಬಂಡವಾಳ ಮತ್ತೊಬ್ಬನದು ಅನ್ನುವ ಬೇನಾಮಿ ಆಟ ಎಲ್ಲರಿಗೂ ಗೊತ್ತು. ನಿಜವಾಗಿಯೂ ತಾನೇ ಕೆಲಸ ಮಾಡಿಸುವ ನಮ್ಮ ಹುಡುಗ ಏಪ್ರಿಲ್ ಹದಿನಾಲ್ಕಕ್ಕೆ ದೊಡ್ಡ ಕಟೌಟು ಕಟ್ಟಿಸುತ್ತಾನೆ, ಅದೇ ತಿಂಗಳು ಅತ್ತಿಗೆ ವಯಸ್ಸಿನ ಹೆಣ್ಣಾಳಿಗೆ ನೂರು ರೂಪಾಯಿ ಕಡಿಮೆ ಬಟವಾಡೆ ಮಾಡುತ್ತಾನೆ. ಕೇಳಿದರೆ, "ಬಿಲ್ಲೇ ಆಗಿಲ್ಲ ಕಣಣ್ಣ, ಆಫೀಸಿಗೆ ಪರ್ಸೆಂಟು ಕೊಡಬೇಕು, ನಾ ಎಲ್ಲಿಂದ ತರನೆ?" ಅನ್ನುತ್ತಾನೆ. ಅವನು ಹೇಳುವುದು ಸುಳ್ಳಲ್ಲ. ಆದರೆ ಮೇಲಿನ ಕಳ್ಳತನದ ನಷ್ಟವನ್ನು ಕೆಳಗೇ ಯಾಕೆ ವಸೂಲು ಮಾಡಬೇಕು? ಅಂಬೇಡ್ಕರ್ ಮಂಡಿಸಿದ ಕಾಯ್ದೆಯನ್ನು ಅಂಬೇಡ್ಕರ್ ಕಟೌಟಿನ ನೆರಳಲ್ಲೇ ಮುರಿಯುವುದನ್ನು ನಮ್ಮ ಪತ್ರಿಕೆ ಮುಚ್ಚಿಡುವುದಿಲ್ಲ.

ಹೊಸ ಸಂಹಿತೆಯನ್ನು ಪೂರ್ತಿ ಬೈದರೂ ತಪ್ಪಾಗುತ್ತದೆ. ಅದರಲ್ಲಿ ನಮಗೆ ಕೈಗೆಟಕುವ ಕೆಲವು ಕಲಮುಗಳಿವೆ, ಅವನ್ನು ಯಾರೂ ನಮಗೆ ಓದಿ ಹೇಳುತ್ತಿಲ್ಲ. ಕೂಲಿ ಬಾಕಿಗೆ ಅರ್ಜಿ ಹಾಕುವ ಅವಧಿ ಹಿಂದೆ ಕನಿಷ್ಠ ಕೂಲಿ ಕಾಯ್ದೆಯಲ್ಲಿ ಆರು ತಿಂಗಳಿತ್ತು, ಈಗ ಮೂರು ವರ್ಷ. ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನ ತನಕ ಪರಿಹಾರ ಕೊಡಿಸಬಹುದು, ಅದು ಸರ್ಕಾರದ ಖಜಾನೆಗಲ್ಲ, ದುಡಿದವಳಿಗೆ. ಅವಳೇ ಹಾಕಬೇಕೆಂದಿಲ್ಲ, ಅವಳು ಸೇರಿರುವ ಸಂಘವೂ ಹಾಕಬಹುದು. ಎಲ್ಲಕ್ಕಿಂತ ದೊಡ್ಡದು ೫೯ನೇ ಕಲಮು. ಕೂಲಿ ಕೊಟ್ಟಿದ್ದೇನೆ ಅಂತ ರುಜುವಾತು ಮಾಡುವ ಹೊಣೆ ಮಾಲೀಕನದು. ಹೆಬ್ಬೆಟ್ಟಿನ ಅವ್ವ ಏನನ್ನೂ ಸಾಬೀತು ಮಾಡಬೇಕಿಲ್ಲ. ಗುತ್ತಿಗೆದಾರ ಕೊಡದಿದ್ದರೆ ಕೆಲಸ ಕೊಟ್ಟ ಮೂಲ ಮಾಲೀಕ ಕೊಡಬೇಕು ಅನ್ನುವುದು ೧೯೭೦ರ ಕಾಯ್ದೆಯಲ್ಲೂ ಇತ್ತು, ೨೦೨೦ರ ಸಂಹಿತೆಯಲ್ಲೂ ಇದೆ, ಐವತ್ತರ ಗೆರೆ ದಾಟಿದ ಕಡೆ. ಲೈಸೆನ್ಸಿಗೆ ಇಟ್ಟ ಠೇವಣಿಯಿಂದಲೇ ಕೂಲಿ ಕೊಡಿಸಲು ಸರ್ಕಾರ ಆಜ್ಞೆ ಮಾಡಬೇಕು ಅಂತಲೂ ಅದರಲ್ಲಿದೆ. ಮೂಲ ಮಾಲೀಕ ಯಾರು? ನಮ್ಮ ಸೀಮೆಯಲ್ಲಿ ಬಹುಪಾಲು ಸರ್ಕಾರವೇ.

ಹಾಗಾಗಿ ನಮ್ಮ ಒತ್ತಾಯ ದಂಡ ಏರಿಸಿ ಅನ್ನುವುದಲ್ಲ, ಅಥವಾ ಅದೊಂದೇ ಅಲ್ಲ. ಬಿಲ್ಲು ತಡೆಯಿರಿ ಅನ್ನುವುದು. ಕಂಟ್ರಾಕ್ಟರು ಕೋರ್ಟಿಗೆ ಹೆದರುವುದಿಲ್ಲ, ಇಂಜಿನಿಯರನ ಸಹಿಗೆ ಹೆದರುತ್ತಾನೆ. ಕಾಂಕ್ರೀಟಿನ ದಪ್ಪ ಅಳೆದು ಬರೆಯುವ ಅಳತೆ ಪುಸ್ತಕದಲ್ಲಿ ಬಟವಾಡೆಗೂ ಒಂದು ಪುಟ ಇರಲಿ. ಎಷ್ಟು ಆಳು, ಯಾವ ಊರಿನವರು, ಹೆಣ್ಣೆಷ್ಟು, ಗಂಡೆಷ್ಟು, ಯಾರ ಖಾತೆಗೆ ಎಷ್ಟು ಬಿತ್ತು. ಆ ಪುಟವನ್ನು ಕೆಲಸದ ಜಾಗದಲ್ಲೇ, ಕೂಲಿಯವರ ಮುಂದೆ, ಗಟ್ಟಿಯಾಗಿ ಓದಿದ ಮೇಲೆ ಬಿಲ್ಲು ಆಗಲಿ.

ನಾವು ಆ ಚರಂಡಿಯ ಹತ್ತಿರ ಮತ್ತೆ ಹ��ಗಿದ್ದೆವು. ಅರ್ಜಿ ಬರೆಯೋಣವೇ ಅವ್ವ, ಮೂರು ವರ್ಷ ಟೈಮಿದೆ ಅಂದೆವು. ಅವಳು ಮೇಸ್ತ್ರಿ ಕಡೆ ನೋಡಿದಳು, ಆಮೇಲೆ ನಮ್ಮ ಕಡೆ. "ನಾನೊಬ್ಬಳೇ ಆದ್ರ ಬ್ಯಾಡ. ಹನ್ನೊಂದ್ ಜನ ಇದೀವಿ, ಕೇಳ್ಕಂಡ್ ಬತ್ತೀನಿ, ಭಾನುವಾರ ಬನ್ನಿ" ಅಂದಳು.